ಮೂಲೆಯ ಗೂಟ

ಬಾಗಿಲ ಮುಂದೆ ನಿಂತು ಕಿವಿಗೊಟ್ಟಾಗ ಅವನಿಗೆ ಮೊದಲು ಕೇಳಿಸಿದ್ದು ತನ್ನದೇ ಉಸಿರು. ಆಮೇಲೆ ಫ್ಯಾನಿನ ಕಟಕಟ. ಆಮೇಲೆ, ಇನ್ನೇನು ಹೋಗಬೇಕು ಅನ್ನುವಷ್ಟರಲ್ಲಿ, ಮಂಚ ಒಂದು ಸಲ ಕಿರ್ ಎಂದಿತು. ಮಗಳು ಮಗ್ಗುಲು ಬದಲಿಸಿದಳು ಎಂದು ಮನಸ್ಸಿನಲ್ಲೇ ಗುರುತು ಹಾಕಿಕೊಂಡ. ನಿನ್ನೆ ಈ ಹೊತ್ತಿಗೆ ಕೆಮ್ಮಿದ್ದಳು, ಮೊನ್ನೆ ಏನೂ ಇರಲಿಲ್ಲ. ಏನೂ ಇಲ್ಲದಿರುವುದಕ್ಕಿಂತ ಕೆಮ್ಮು ವಾಸಿ, ಕೆಮ್ಮಿಗಿಂತ ಮಗ್ಗುಲು ವಾಸಿ. ಹಾಗಾದರೆ ಏನೋ ಒಂದು ಮುಂದುವರಿಯುತ್ತಿದೆ ಎಂದು ಸಮಾಧಾನ ತಂದುಕೊಂಡು, ಬೆರಳ ಗೆಣ್ಣಿನಿಂದ ಬಾಗಿಲನ್ನು ಮೆಲ್ಲಗೆ ತಟ್ಟಿ, ಉತ್ತರಕ್ಕೆ ಕಾಯದೆ ಹಿಂದೆ ಸರಿದ. ಒಳಗಿನ ಚಿಲಕವನ್ನು ಹೆಂಡತಿ ಬಡಗಿಯನ್ನು ಕರೆಸಿ ಯಾವತ್ತೋ ಕೀಳಿಸಿದ್ದಳು. ಕತ್ತರಿ, ಬ್ಲೇಡು, ತರಕಾರಿ ಚಾಕು ಎಲ್ಲವನ್ನೂ ತನ್ನ ಬೀರುವಿನಲ್ಲಿಟ್ಟು ಬೀಗ ಜಡಿದಿದ್ದಳು. ಒಂದು ಈರುಳ್ಳಿ ಹೆಚ್ಚಬೇಕೆಂದರೂ ಬೀಗದಕೈ ಹುಡುಕಬೇಕು. ಇದೆಲ್ಲ ಅತಿಯಾಯಿತು ಎಂದು ಅವನಿಗೆ ಅನ್ನಿಸಿತ್ತು, ಬಾಯಿಬಿಟ್ಟು ಹೇಳಿಯೂ ಇದ್ದ. ಬೆರಳಿಂದ ತಳ್ಳಿದರೆ ತೆರೆದುಕೊಳ್ಳುವ ಬಾಗಿಲು ಅದು. ಅವನು ಒಂದು ದಿನವೂ ತಳ್ಳಿರಲಿಲ್ಲ.

ಅಡುಗೆಮನೆಯಲ್ಲಿ ಹೆಂಡತಿ ಒಲೆಯ ಕಡೆ ಮುಖ ಮಾಡಿ ನಿಂತಿದ್ದಳು. ಅವನು ಹಳೆಯ ಖಾಕಿ ಪ್ಯಾಂಟು ಹಾಕಿಕೊಂಡಿದ್ದಾನೆಂದು ತಿರುಗಿ ನೋಡದೆಯೇ ಅವಳಿಗೆ ಗೊತ್ತಾಯಿತು. ಆ ಒರಟು ಬಟ್ಟೆ ನಡೆದರೆ ಸದ್ದು ಮಾಡುತ್ತದೆ.

"ಇವತ್ತೂ ಹೋಗ್ಲೇಬೇಕಾ?"

"ವರ್ಷಕ್ಕೊಂದೇ ದಿನ ಕಣೆ. ಹೂವು ಉದುರೋದ್ರೊಳಗೆ ನೋಡ್ಬೇಕು. ಆಮೇಲೆ ಹೋದ್ರೆ ಯಾವ ಹುಲ್ಲು ಯಾವ್ದು ಅಂತ ಗುರ್ತು ಸಿಗಲ್ಲ."

"ಸಂಜೆ ನನ್ನ ತಮ್ಮ ಕಾರು ತರ್ತಾನೆ. ಡಾಕ್ಟ್ರಿಗೆ ಹೇಳಿಟ್ಟಿದೀನಿ. ನೀವು ಅವಳಿಗೆ ಒಂದು ಮಾತು ಹೇಳಿಬಿಟ್ಟು ಹೋಗಿ. ನಾನು ಕರೆದ್ರೆ ಏನಂತಾಳೆ ಗೊತ್ತಾ? ಅಪ್ಪಾನೇ ಬೇಡ ಅಂದಿದಾರಲ್ಲ ಅಂತಾಳೆ."

"ನಾನು ಬೇಡ ಅಂದಿಲ್ಲ. ಬಲವಂತ ಬೇಡ ಅಂದೆ. ಎರಡಕ್ಕೂ ವ್ಯತ್ಯಾಸ ಇದೆ."

"ಮಲಗಿರೋಳಿಗೆ ಆ ವ್ಯತ್ಯಾಸ ಕಾಣ್ಸಲ್ಲ ರೀ."

ಅವನಿಗೆ ರೇಗಿತು. ಸಂಜೆಯೊಳಗೆ ಬರ್ತೀನಿ, ಆಮೇಲೆ ಮಾತಾಡೋಣ ಎಂದ. ಅವಳು ಒಲೆ ಆರಿಸಿ, "ಹೂಂ, ನಿಮ್ಮ ಮೊಲಕ್ಕೆ ಮೂರೇ ಕಾಲು" ಎಂದಳು. ಮದುವೆಯಾದ ಹೊಸದರಲ್ಲಿ ಇದೇ ಮಾತನ್ನು ನಗುತ್ತ ಹೇಳುತ್ತಿದ್ದಳು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಮರದ ಚೌಕಟ್ಟನ್ನು ತೊಡೆಯ ಮೇಲೆ ನಿಲ್ಲಿಸಿಕೊಂಡು ಕುಳಿತ. ಉದ್ದಕ್ಕೂ ಅಡ್ಡಕ್ಕೂ ದಾರ ಕಟ್ಟಿದ, ಗಾಜಿಲ್ಲದ ಕಿಟಕಿಯಂಥ, ಗಿಡ ಎಣಿಸುವ ಈ ಚೌಕವನ್ನು ಹಿಡಿದು ಓಡಾಡುವುದರಿಂದಲೇ ಕಾಲೇಜಿನಲ್ಲಿ ಅವನಿಗೆ ಚೌಕದ ಮೇಷ್ಟ್ರು ಎಂದು ಹೆಸರು. ಹುಡುಗರು ಇಟ್ಟದ್ದು, ಈಗ ಸಹೋದ್ಯೋಗಿಗಳೂ ಹಾಗೇ ಕರೆಯುತ್ತಾರೆ; ಅವನು ನಕ್ಕುಬಿಡುತ್ತಾನೆ, ನಗದಿದ್ದರೆ ಇನ್ನೂ ಗಟ್ಟಿಯಾಗಿ ಕರೆಯುತ್ತಾರೆಂದು. ಮೊನ್ನೆ ಸಸ್ಯಶಾಸ್ತ್ರ ವಿಭಾಗದ ಮುಖ್ಯಸ್ಥರು ಎಲ್ಲರೆದುರಿಗೆ, ಏನು ಚೌಕದ ಮೇಷ್ಟ್ರೇ, ಮಗಳ ಓದು ಎಲ್ಲಿಗೆ ಬಂತು ಎಂದು ಕೇಳಿದರು. ಪರೀಕ್ಷೆಗೆ ಓದ್ತಿದ್ದಾಳೆ ಸಾರ್ ಅಂದ. ಯಾವ ಪರೀಕ್ಷೆ ಅಂದರು. ಕೈಯಲ್ಲಿದ್ದ ಚಹಾ ಚೆಲ್ಲಿದ ಹಾಗೆ ಮಾಡಿ ಎದ್ದುಹೋದ. ಹಾಸ್ಟೆಲಿನಿಂದ ವರ್ಷದ ನಡುವೆ ಒಂದು ಸೂಟ್‌ಕೇಸು ಹಿಡಿದು ಬಂದು, ಅದನ್ನು ಬಿಚ್ಚದೆ ಮಂಚದ ಕೆಳಗೆ ತಳ್ಳಿ ಮಲಗಿದ ಮಗಳು ಯಾವ ಪರೀಕ್ಷೆಗೆ ಓದುತ್ತಿದ್ದಾಳೆಂದು ಹೇಳುವುದು? ಯಾಕೆ ಬಂದೆ ಎಂದು ಹೆಂಡತಿ ಕೇಳಿದಳು, ಅತ್ತಳು, ಬೈದಳು. ಅವನು ಅವಳನ್ನು ಪಕ್ಕಕ್ಕೆ ಕರೆದು, ಕ್ಲಾಸಿನಲ್ಲಿ ಹೇಳುವ ಹಾಗೆಯೇ ಹೇಳಿದ: ಬೋಳು ನೆಲ ನೋಡಿ ಹೆದರ್ಬಾರ್ದು ಕಣೆ, ನಾವು ಕೈ ಹಾಕ್ದೆ ಇದ್ರೆ ಅದೇ ತುಂಬ್ಕೊಳ್ಳುತ್ತೆ, ಎಲ್ಲಕ್ಕೂ ಒಂದು ಅನುಕ್ರಮ ಇರುತ್ತೆ. ಹೆಂಡತಿ ಅವನನ್ನು ನೋಡಿದ ರೀತಿ ನೆನಪಾಗಿ ಈಗಲೂ ಕಿವಿ ಬಿಸಿಯಾಯಿತು.

ಆದರೆ ಅದು ಬರಿಯ ಬಾಯಿಮಾತಾಗಿರಲಿಲ್ಲ, ಅವನು ಕಣ್ಣಾರೆ ಕಂಡದ್ದು. ಮೊದಲು ಬರಿಗಲ್ಲು. ಅದರ ಮೇಲೆ ಚುಕ್ಕೆ ಚುಕ್ಕೆಯಾಗಿ ಕಲ್ಲುಹೂವು ಹತ್ತುತ್ತದೆ, ಕಲ್ಲನ್ನೇ ಕೆರೆದು ಚಿಟಿಕೆ ಮಣ್ಣು ಮಾಡುತ್ತದೆ. ಆ ಮಣ್ಣಿನಲ್ಲಿ ಪಾಚಿ, ಪಾಚಿಯ ತೇವದಲ್ಲಿ ಹುಲ್ಲು, ಹುಲ್ಲು ಸತ್ತು ಕೊಳೆತಲ್ಲಿ ಪೊದೆ, ಪೊದೆಯ ನೆರಳಿನಲ್ಲಿ ಮರ. ಒಬ್ಬೊಬ್ಬರೂ ತಮ್ಮ ನಂತರದವರಿಗೆ ಜಾಗ ಮಾಡಿಕೊಟ್ಟು ತಾವು ಹೋಗಿಬಿಡುತ್ತಾರೆ. ಊರಾಚೆ ಮುಚ್ಚಿಹೋದ ಕಲ್ಲು ಗಣಿಯಲ್ಲಿ, ಮನುಷ್ಯ ಅಗೆದಗೆದು ಬೋಳು ಮಾಡಿ ಬಿಟ್ಟ ಹಾಸುಬಂಡೆಯ ಮೇಲೆ, ಅವನ ಗುರುಗಳು ನಾಲ್ಕು ಕಬ್ಬಿಣದ ಗೂಟ ಹೊಡೆಸಿ ಒಂದು ಚೌಕ ಗುರುತು ಮಾಡಿದ್ದರು. ಪ್ರತಿ ಗೂಟದ ಬುಡಕ್ಕೆ ಸಿಮೆಂಟು ಮೆತ್ತಿ, ಅದು ಹಸಿಯಿರುವಾಗಲೇ ಹೆಬ್ಬೆರಳು ಒತ್ತಿ, ನಾನು ಹೋದ ಮೇಲೂ ಇಲ್ಲಿ ನನ್ನ ಕೈ ಇರುತ್ತೆ ಕಣಯ್ಯ, ನಿನ್ನ ಕೈ ಮಾತ್ರ ಇರ್ಬಾರ್ದು ಎಂದು ನಕ್ಕಿದ್ದರು. ನೋಡು, ಮುಟ್ಟಬೇಡ. ಅವರು ಕಲಿಸಿದ್ದು ಅಷ್ಟೇ. ಅವರು ಹೋದ ಮರುವರ್ಷ ಯಾರೋ ಗುಜರಿಗೆಂದು ಗೂಟಗಳನ್ನು ಕಿತ್ತುಕೊಂಡು ಹೋಗಿದ್ದರು. ಗುರುಗಳ ಜೊತೆ ಒಂದೇ ಸಲ ಅಲ್ಲಿಗೆ ಹೋಗಿದ್ದ ಅವನು, ಹಳೆಯ ಫೋಟೋದಲ್ಲಿದ್ದ, ಗೂನುಬೆನ್ನಿನಂಥ ಗುಬುಟು ಬಂಡೆಯನ್ನು ಗುರುತು ಹಿಡಿದು ತಾನೇ ಹೊಸ ಗೂಟ ಹೊಡೆಸಿದ. ಅಲ್ಲಿಂದಾಚೆಗೆ ಆ ಚೌಕ ಅವನ ಕಣ್ಣೆದುರಿಗೇ ತುಂಬಿಕೊಂಡಿತು. ಇಷ್ಟು ಬೇಗ ಎಲ್ಲೂ ಆದದ್ದಿಲ್ಲ ಎಂದು ಅವನು ಬರೆದ ಒಂದೇ ಒಂದು ಲೇಖನವನ್ನು ಹೊರಗಿನವರೂ ಓದಿ ಕಾಗದ ಬರೆದಿದ್ದರು. ಬೋಳು ನೆಲದ ಬಗ್ಗೆ ತಾನು ಹೆಂಡತಿಗೆ ಹೇಳಿದ ಧೈರ್ಯವೆಲ್ಲ ಆ ನಾಲ್ಕು ಗೂಟಗಳ ನಡುವಿನದು ಎಂದು ಅವನಿಗೆ ಗೊತ್ತಿತ್ತು, ಗೊತ್ತಿದ್ದೇ ಹೇಳಿದ್ದ.

ಗಣಿಯ ಗೇಟಿನಲ್ಲಿ ಕಾವಲುಗಾರ ಬೀಗ ತೆಗೆದ. ಮುದುಕ, ಗಣಿ ಮುಚ್ಚಿದರೂ ಕಾವಲು ಮುಚ್ಚಿರಲಿಲ್ಲ. ಗೇಟಿನ ಹಿಂದೆಯೇ ಅವನ ತಗಡಿನ ಗೂಡು, ಅದರಾಚೆ ಇಳಿಜಾರಿನಲ್ಲಿ ಚೌಕ. "ಬನ್ನಿ ಸಾರ್, ಈ ಸಲ ಭರ್ಜರಿಯಾಗಿದೆ" ಎಂದು ತನ್ನದೇ ತೋಟ ತೋರಿಸುವ ಹುರುಪಿನಲ್ಲಿ ಮುಂದೆ ನಡೆದ. ನಿಜವಾಗಿ ಭರ್ಜರಿಯಾಗಿತ್ತು. ಗರಿಕೆ ಹೆಣೆದುಕೊಂಡಿತ್ತು, ನಾಚಿಕೆ ಮುಳ್ಳು ಹಬ್ಬಿತ್ತು, ಉತ್ತರಾಣಿ ಸೊಂಟದೆತ್ತರ ಬೆಳೆದು ತೆನೆ ಬಗ್ಗಿಸಿ ನಿಂತಿತ್ತು. ನಡುವೆ ಅತ್ತಿಯ ಗಿಡ, ಕಳೆದ ವರ್ಷ ಅವನ ಎದೆಗೆ ಬರುತ್ತಿದ್ದದ್ದು ಈಗ ತಲೆ ಮೀರಿತ್ತು. ನೀರಿನ ಪಸೆ ಬೇಡುವ ಅತ್ತಿ ಈ ಕಲ್ಲಿನಲ್ಲಿ ಹೇಗೆ ಬಂತೆಂದು ಕಾಗದ ಬರೆದವರಲ್ಲೊಬ್ಬರು ಕೇಳಿದ್ದರು. ಬಂಡೆಯ ಬಿರುಕಿನಲ್ಲಿ ಮಳೆನೀರು ನಿಲ್ಲುತ್ತಿರಬೇಕು ಎಂದು ಉತ್ತರಿಸಿದ್ದ. ಮಂಡಿಯೂರಿ ಚೌಕಟ್ಟನ್ನು ನೆಲಕ್ಕಿಟ್ಟು, ದಾರಗಳ ನಡುವಿನ ಒಂದೊಂದು ಕಿಂಡಿಯಲ್ಲೂ ಏನೇನಿದೆಯೆಂದು ಎಣಿಸತೊಡಗಿದ. ಎಣಿಸುವಾಗ ಮನಸ್ಸಿಗೆ ಹಾಯೆನಿಸುತ್ತದೆ, ಇದು ನಾಚಿಕೆಯ ಸಂಗತಿ, ಆದರೂ ಹಾಯೆನಿಸುತ್ತದೆ. ಉತ್ತರಾಣಿಯ ಮುಳ್ಳುಬೀಜ ಪ್ಯಾಂಟಿಗೆಲ್ಲ ಮೆತ್ತಿಕೊಂಡಿತು. ಮಗಳು ಚಿಕ್ಕವಳಿದ್ದಾಗ ಅವನು ಗಣಿಯಿಂದ ಬರುವುದನ್ನೇ ಕಾದಿದ್ದು, ಮೆಟ್ಟಿಲ ಮೇಲೆ ಅವನನ್ನು ಕೂರಿಸಿ, ಅವನ ಮೊಣಕಾಲಿಗೆ ಮೂಗು ತಾಗಿಸಿಕೊಂಡು ಒಂದೊಂದೇ ಬೀಜ ಕೀಳುತ್ತಿದ್ದಳು. ಅಪ್ಪ ಕಾಡು ತಂದಿದಾನೆ, ಕಾಡು ತಂದಿದಾನೆ ಎಂದು ಮುಷ್ಟಿಯಲ್ಲಿ ಬಿಗಿಹಿಡಿದು ಮನೆಯೆಲ್ಲ ಓಡುತ್ತಿದ್ದಳು. ಮುಷ್ಟಿ ಬಿಚ್ಚಿಸುವುದು ಯಾರ ಕೈಯಲ್ಲೂ ಆಗುತ್ತಿರಲಿಲ್ಲ.

ಫೋನು ಬಡಿದುಕೊಂಡಿತು. ಎತ್ತಿದರೆ ಹೆಂಡತಿಯ ದನಿ ತುಂಡು ತುಂಡಾಗಿ ಬಂತು. ಹಲೋ ಹಲೋ ಎನ್ನುತ್ತ ಅವನು ಇಳಿಜಾರು ಹತ್ತಿ ಮೇಲಿನ ಬಂಡೆಯ ಕಡೆ ನಡೆದ.

"ನಿನ್ನೆಯಿಂದ ನೀರೂ ಮುಟ್ಟಿಲ್ಲ ಅವಳು. ಕೇಳಿಸ್ತಿದೆಯಾ? ಚಮಚದಲ್ಲಿ ಹಾಕಿದ್ರೆ ಪಕ್ಕಕ್ಕೆ ಹರಿದುಹೋಗ್ತಿದೆ. ಕಣ್ಣು ಬಿಟ್ಕೊಂಡೇ ಇದಾಳೆ ರೀ. ನನಗೆ ಭಯ ಆಗ್ತಿದೆ."

"ತಮ್ಮನ್ನ ಬೇಗ ಬರೋಕೆ ಹೇಳು."

"ಹೇಳಿದೀನಿ. ಮುಟ್ಟಿದ್ರೆ ಕಿರುಚ್ತಾಳೆ. ನೀವು ಬನ್ನಿ. ನೀವು ಹೇಳಿದ್ರೆ ಏಳ್ತಾಳೆ."

"ಬರ್ತೀನಿ, ಇನ್ನೊಂದು ಸ್ವಲ್ಪ ಇದೆ, ಇದೊಂದು ಮುಗಿಸಿ..."

ಹೆಂಡತಿ ಬಹಳ ಮೆಲ್ಲಗೆ, ಮರ್ಯಾದೆಯಿಂದ, "ಮುಗಿಸ್ಕೊಂಡೇ ಬನ್ನಿ" ಎಂದು ಇಟ್ಟುಬಿಟ್ಟಳು.

ಅವನು ಫೋನನ್ನು ನೋಡುತ್ತ ಹಿಂದಕ್ಕೆ ಹೆಜ್ಜೆಯಿಟ್ಟ. ಹಿಮ್ಮಡಿಗೆ ಏನೋ ತಾಗಿ ಆಯತಪ್ಪಿ ಕುಕ್ಕರಿಸಿ ಬಿದ್ದ. ಬಂಡೆಯ ಮಟ್ಟಕ್ಕೆ ಗರಗಸದಲ್ಲಿ ಕೊಯ್ದ ಕಬ್ಬಿಣದ ಮೋಟು, ತುಕ್ಕು ಹಿಡಿದು ಕಲ್ಲಿನ ಬಣ್ಣಕ್ಕೇ ತಿರುಗಿತ್ತು. ಅದರ ಸುತ್ತ ಸಿಮೆಂಟು. ಸಿಮೆಂಟಿನಲ್ಲಿ ಒಂದು ಹೆಬ್ಬೆರಳ ಗುಳಿ. ಅವನು ತನ್ನ ಹೆಬ್ಬೆರಳನ್ನು ಅದರೊಳಗೆ ಇಟ್ಟು ನೋಡಿದ. ಗುಳಿ ದೊಡ್ಡದಾಗಿತ್ತು, ಗುರುಗಳ ಕೈ ದೊಡ್ಡದು. ತಲೆಯೆತ್ತಿದರೆ ಎದುರಿಗೆ ಗುಬುಟು ಬಂಡೆ. ಇಳಿಜಾರಿನ ಕೆಳಗೆ, ತನ್ನ ಚೌಕದ ಪಕ್ಕದಲ್ಲಿ, ಇನ್ನೊಂದು ಗುಬುಟು ಬಂಡೆ. ಎರಡೂ ಅವಳಿ ಮಕ್ಕಳ ಹಾಗೆ ಒಂದೇ ತೆರನಾಗಿದ್ದವು. ಇಷ್ಟು ವರ್ಷ ಬಂದುಹೋಗಿಯೂ ಅವನು ಮೇಲಕ್ಕೆ ಹತ್ತಿ ನೋಡಿರಲಿಲ್ಲ. ಯಾಕೆ ಹತ್ತಬೇಕು, ಅವನ ಗೂಟಗಳು ಕೆಳಗಿದ್ದವಲ್ಲ.

ಮೊಣಕಾಲಿನ ಮೇಲೆ ತೆವಳಿ ಉಳಿದ ಮೂಲೆಗಳನ್ನು ಹುಡುಕಿದ. ಮೂರು ಕಡೆ ಗೂಟ ಬುಡಸಮೇತ ಹೋಗಿ ತೂತಷ್ಟೇ ಉಳಿದಿತ್ತು. ಅವುಗಳ ನಡುವೆ ಗುರುಗಳ ನಿಜವಾದ ಚೌಕ. ಅದರಲ್ಲಿ ಕಪ್ಪು ಕಲ್ಲುಹೂವಿನ ಕಲೆಗಳಿದ್ದವು, ಒಂದು ಬಿರುಕಿನುದ್ದಕ್ಕೂ ಒಣಗಿದ ಪಾಚಿ ಇತ್ತು, ಒಂದು ಮೂಲೆಯಲ್ಲಿ ಸತ್ತ ಹುಲ್ಲುಕಡ್ಡಿ ಇತ್ತು. ಹಳೆಯ ಫೋಟೋದಲ್ಲಿ ಇದ್ದದ್ದೂ ಇಷ್ಟೇ. ಯಾರೂ ಮುಟ್ಟದ, ಯಾರ ಕೈಯೂ ತಾಗದ ನೆಲ ಇಷ್ಟು ವರ್ಷವೂ ಹೀಗೇ ಬಿದ್ದುಕೊಂಡಿತ್ತು. ಅವನ ಮನಸ್ಸಿಗೆ ಮೊದಲು ಬಂದದ್ದು ಲೇಖನ. ಅದರ ಒಂದೊಂದು ಅಂಕಿಯೂ ಬೇರೆ ನೆಲದ್ದು. ಅವನು ಬದಲಾವಣೆ ಎಂದು ಕರೆದದ್ದು ಬರಿಯ ಜಾಗ ತಪ್ಪಿದ್ದು. ಮುಖ್ಯಸ್ಥರು ಹೇಗೆ ನಗುತ್ತಾರೆ, ಕಾಗದ ಬರೆದವರಿಗೆ ಏನೆಂದು ಬರೆಯುವುದು, ಯಾರಿಗೂ ಹೇಳದಿದ್ದರೆ ಯಾರಿಗೆ ಗೊತ್ತಾಗುತ್ತದೆ, ಈ ಮೋಟಿನ ಮೇಲೆ ಒಂದು ಕಲ್ಲು ಎತ್ತಿಟ್ಟರೆ ಆಯಿತಲ್ಲ ಎಂದು ಒಂದು ಕಲ್ಲನ್ನು ಕೈಗೆ ತೆಗೆದುಕೊಂಡೂಬಿಟ್ಟ. ಆಗ ಇನ್ನೊಂದು ಕೈಯಲ್ಲಿ ಫೋನಿರುವುದು ಕಂಡಿತು. ಮಗಳು ನೀರು ಮುಟ್ಟದೆ ಕಣ್ಣು ಬಿಟ್ಟು ಮಲಗಿದ್ದಾಳೆ, ತಾನು ಅಂಕಿಗಳಿಗಾಗಿ ಅಳುತ್ತಿದ್ದೇನೆ. ತನ್ನ ಬಗ್ಗೆ ಅವನಿಗೆ ಅಸಹ್ಯವಾಯಿತು.

ಕಾವಲುಗಾರ ಲೋಟದಲ್ಲಿ ನೀರು ಹಿಡಿದು ಏದುಸಿರುಬಿಡುತ್ತ ಹತ್ತಿ ಬಂದ. "ಬಿದ್ರಾ ಸಾರ್? ಇಲ್ಲೇನಿದೆ ಅಂತ ಬಂದ್ರಿ? ಬರೀ ಬಂಡೆ. ಇಲ್ಲಿ ಏನೂ ಹತ್ತಲ್ಲ."

"ಮತ್ತೆ ಅಲ್ಲಿ ಹೇಗೆ ಹತ್ತಿತು?"

ಕಾವಲುಗಾರ ತಲೆ ಕೆರೆದುಕೊಂಡ. ಅತ್ತ ಇತ್ತ ನೋಡಿದ. "ಬೈಯಲ್ಲ ಅಂದ್ರೆ ಹೇಳ್ತೀನಿ. ನೀರು ಹಾಕ್ತೀನಿ ಸಾರ್. ನನ್ನ ಸ್ನಾನದ ನೀರು, ಪಾತ್ರೆ ತೊಳೆದ ನೀರು, ಎಲ್ಲಾ ಅಲ್ಲಿಗೇ. ನನ್ನ ಹೆಂಗಸು ಇದ್ದಾಗ ಗೂಡು ಗುಡಿಸಿದ ಮಣ್ಣು, ಬೂದಿ ಎಲ್ಲಾನೂ ಅಲ್ಲೇ ಸುರೀತಿದ್ಲು. ನೀವು ವರ್ಷಕ್ಕೊಂದು ಸಲ ಬಂದು, ತೊಟ್ಟಿಲಲ್ಲಿರೋ ಮಗೂನ ನೋಡೋ ಹಾಗೆ ಇಣುಕಿ ಹೋಗ್ತೀರ. ಒಣಗಿದ್ರೆ ನಿಮಗೆ ಹೇಗಾಗುತ್ತೆ ಅಂತ. ಅತ್ತಿಗಿಡ ಮಾತ್ರ ನಾನು ನೆಟ್ಟಿದ್ದಲ್ಲ, ಆಣೆ ಮಾಡ್ತೀನಿ. ಅದು ತಾನೇ ಬಂತು. ಬೇಸಿಗೇಲಿ ಉಳಿಸ್ಕೊಂಡಿದ್ದಷ್ಟೇ ನಾನು."

"ಯಾಕೆ ಹೇಳ್ಲಿಲ್ಲ ಇಷ್ಟು ದಿನ?"

"ನೀವು ಕೇಳ್ಲಿಲ್ಲ ಸಾರ್. ಯಾವಾಗ್ಲೂ ಅದನ್ನೇ ನೋಡ್ತಿರ್ತೀರ."

ಅವನಿಗೆ ನಗು ಬಂತು. ನಗುತ್ತ ನಗುತ್ತಲೇ ಕಣ್ಣೊರೆಸಿಕೊಂಡ. ಮುದುಕ ಗಾಬರಿಯಾಗಿ ಲೋಟ ಮುಂದೆ ಹಿಡಿದ. ನೀರು ಕುಡಿಯಲು ಬಾಯಿಗಿಟ್ಟು, ಚಮಚದಿಂದ ಪಕ್ಕಕ್ಕೆ ಹರಿದುಹೋಗುವ ನೀರು ನೆನಪಾಗಿ, ಲೋಟವನ್ನು ಅವನ ಕೈಗೇ ಕೊಟ್ಟು ಇಳಿಜಾರಿನಲ್ಲಿ ಓಡಿದ. ಚೌಕಟ್ಟು ಬಿಟ್ಟೋಗಿದ್ದೀರ ಸಾರ್ ಎಂದು ಹಿಂದಿನಿಂದ ಕೂಗುವುದು ಕೇಳಿಸಿತು.

ಬಸ್ಸು ಬೇಗ ಬರಲಿಲ್ಲ, ಬಂದದ್ದು ಬೇಗ ಹೋಗಲಿಲ್ಲ. ಕಂಬಿ ಹಿಡಿದು ನಿಂತವನನ್ನು ಕಂಡು ಪಕ್ಕದವರು ಪ್ಯಾಂಟಿನ ಮುಳ್ಳಿಗೆ ಹೆದರಿ ಸರಿದರು. ಕಂಡಕ್ಟರು, ಎಲ್ಲಿ ಉರುಳಾಡಿ ಬಂದ್ರಿ ಯಜಮಾನ್ರೇ ಎಂದು ಕೇಳಿ ನಾಲ್ಕು ಜನರನ್ನು ನಗಿಸಿದ. ಹೆಂಡತಿಯ ಫೋನಿಗೆ ಮಾಡಿದ, ಅವಳು ಎತ್ತಲಿಲ್ಲ. ಮತ್ತೆ ಮಾಡಿದ. ಎತ್ತದಿರುವುದಕ್ಕೆ ಎಷ್ಟು ಕಾರಣಗಳಿರಬಹುದೆಂದು ಯೋಚಿಸಿದ. ಎಲ್ಲವೂ ಒಂದೇ ಕಾರಣಕ್ಕೆ ಬಂದು ನಿಲ್ಲುತ್ತಿದ್ದವು. ಮಗಳು ಬಂದ ಮೊದಲ ವಾರ ರಾತ್ರಿ ಊಟಕ್ಕೆ ಬಂದು ಕೂರುತ್ತಿದ್ದಳು. ಒಂದು ದಿನ ಅನ್ನ ಕಲೆಸುತ್ತ ಕೂತವಳು, ಅಪ್ಪ, ನನಗೆ ಏನೋ ಆಗಿದೆ ಅಂದಳು. ಆಗುತ್ತೆ ಮಗಳೇ, ನಿಧಾನವಾಗಿ ಸರಿಹೋಗುತ್ತೆ, ನಾವ್ಯಾರೂ ನಿನ್ನ ತಂಟೆಗೆ ಬರಲ್ಲ ಅಂದ. ಅದನ್ನು ಹೇಳುವಾಗ ತಾನು ಎಂಥ ಒಳ್ಳೆಯ ತಂದೆ ಎಂದು ಅನ್ನಿಸಿತ್ತು. ಅವಳು ಸ್ವಲ್ಪ ಹೊತ್ತು ಅವನ ಮುಖ ನೋಡಿ, ತಟ್ಟೆ ತೆಗೆದುಕೊಂಡು ಎದ್ದುಹೋದಳು. ಬಸ್ಸು ಸಿಗ್ನಲಿನಲ್ಲಿ ನಿಂತಿತು. ಹೋಗಯ್ಯಾ, ಹೋಗು ಎಂದು ಅವನು ಗಟ್ಟಿಯಾಗಿ ಅಂದುಬಿಟ್ಟ. ಈ ಸಲ ಯಾರೂ ನಗಲಿಲ್ಲ.

ಮನೆಯ ಮುಂದೆ ಕಾರು ನಿಂತಿತ್ತು. ಭಾವಮೈದುನ ಬಾನೆಟ್ಟಿಗೆ ಒರಗಿ, ಏನು ಮಾಡುವುದೆಂದು ತಿಳಿಯದೆ ಗಾಜು ಒರೆಸುತ್ತಿದ್ದ. ಹೆಂಡತಿ ಮೆಟ್ಟಿಲ ಮೇಲೆ ತೊಡೆಯ ಮೇಲೊಂದು ಚೀಲ ಇಟ್ಟುಕೊಂಡು ಕುಳಿತಿದ್ದಳು. ಕೆನ್ನೆಯ ಮೇಲೆ ಉಗುರಿನ ಗೀರು ಹಸಿಯಾಗಿತ್ತು. ಅವನನ್ನು ನೋಡಿ, ಮುಗೀತಾ ಎಂದು ಕೇಳಲಿಲ್ಲ, ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಅವನು ಬೂಟು ಬಿಚ್ಚದೆ ನಡುಮನೆ ದಾಟಿದ. ಬಾಗಿಲ ಮುಂದೆ ಕಾಲು ಅಭ್ಯಾಸಬಲದಿಂದ ನಿಂತವು, ಕಿವಿ ಒಳಗಿನ ಸದ್ದು ಹುಡುಕಿತು, ಬೆರಳು ಮಡಿಸಿಕೊಂಡು ಮೇಲೆದ್ದಿತು. ಆ ಬೆರಳನ್ನು ಬಿಚ್ಚಿ, ಅಂಗೈಯಿಂದ ಬಾಗಿಲನ್ನು ತಳ್ಳಿದ.

ಕೋಣೆಯಲ್ಲಿ ಹುಳಿ ವಾಸನೆಯಿತ್ತು. ಸೂಟ್‌ಕೇಸು ಮಂಚದ ಕೆಳಗೆ ಹಾಗೇ ಇತ್ತು. ಮಗಳು ಬಾಗಿಲ ಕಡೆ ಮುಖ ಮಾಡಿ ಮಲಗಿದ್ದಳು. ಕೆನ್ನೆಯ ಮೂಳೆ ಎದ್ದಿತ್ತು, ತುಟಿ ಒಡೆದಿತ್ತು. ಇವಳನ್ನು ತಾನು ಎಷ್ಟು ಕಾಲದಿಂದ ನೋಡಿಲ್ಲವೆಂದು ಅವನಿಗೆ ಲೆಕ್ಕ ಸಿಗಲಿಲ್ಲ. ಮಂಚದ ಪಕ್ಕ ನೆಲಕ್ಕೆ ಕುಳಿತ.

"ಇವತ್ತು ತಟ್ಟಲಿಲ್ಲ" ಎಂದಳು. ದನಿ ಒಣಗಿ ಗಾಳಿಯಾಗಿತ್ತು.

"ಇಲ್ಲ."

"ದಿನಾ ನೀನು ನಿಂತ್ಕೊಂಡು ಹೋಗ್ತಿದ್ದೆ. ಬಾಗಿಲ ಕೆಳಗೆ ನಿನ್ನ ಕಾಲಿನ ನೆರಳು ಕಾಣ್ತಿತ್ತು. ನಾನು ಅದನ್ನೇ ನೋಡ್ತಾ ಮಲಗ್ತಿದ್ದೆ. ಇವತ್ತು ಒಳಗೆ ಬರ್ತಾನೆ, ಇವತ್ತು ಬರ್ತಾನೆ ಅಂತ." ಉಸಿರು ತೆಗೆದುಕೊಳ್ಳಲು ಬಹಳ ಹೊತ್ತು ಹಿಡಿಯಿತು. "ಆಮೇಲೆ ಹಾಗೆ ಅಂದ್ಕೊಳ್ಳೋದನ್ನೂ ಬಿಟ್ಟೆ."

ಅವನಿಗೆ ಹೇಳುವುದಕ್ಕೆ ಇದ್ದದ್ದೆಲ್ಲ ತಪ್ಪು ಜಾಗದ್ದು. "ಏಳು ಮಗಳೇ, ಡಾಕ್ಟ್ರ ಹತ್ರ ಹೋಗೋಣ" ಎಂದ.

"ಬೇಡ."

ಬೇಡ ಎಂದ ಮೇಲೆ ಮುಗಿಯಿತು ಎಂದು ಅವನು ತಿಳಿದಿದ್ದ ಕಾಲವೊಂದಿತ್ತು. ಈಗ ಅವಳ ಕುತ್ತಿಗೆಯ ಕೆಳಗೆ ಒಂದು ಕೈ, ಮೊಣಕಾಲ ಕೆಳಗೆ ಒಂದು ಕೈ ಹಾಕಿದ. ಅವಳು ಕಿರುಚುತ್ತಾಳೆಂದು, ಪರಚುತ್ತಾಳೆಂದು ಕಾದ; ಪರಚಲಿ ಎಂದು ಒಳಗೊಳಗೆ ಬೇಡಿಕೊಂಡ. ಅವಳು ಏನೂ ಮಾಡಲಿಲ್ಲ. ಬೆಳಿಗ್ಗೆಯಿಂದ ಶಕ್ತಿಯೆಲ್ಲ ಅಮ್ಮನ ಮೇಲೆ ಖರ್ಚಾಗಿ ಉಳಿದದ್ದು ಅಷ್ಟೇ ಏನೋ, ತಲೆ ಅವನ ತೋಳಿನ ಮೇಲೆ ಹಿಂದಕ್ಕೆ ಬಿತ್ತು. ಇಷ್ಟು ಹಗುರವಾಗಿರಬಾರದಿತ್ತು. ಹೆಂಡತಿ ಬಂದು ಮಗಳ ಕಾಲುಗಳನ್ನು ಎತ್ತಿ ಹಿಡಿದಳು. ಪಕ್ಕದ ಮನೆಯವರು ಗೇಟಿಗೆ ಬಂದು ನಿಂತು, ಏನಾಯ್ತು ಎಂದು ಕೇಳಿದರು. ಹುಷಾರಿಲ್ಲ, ಬಹಳ ದಿನದಿಂದ ಹುಷಾರಿಲ್ಲ ಎಂದು ಅವನು ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದ.

ಕಾರಿನ ಹಿಂದಿನ ಸೀಟಿನಲ್ಲಿ ಅವಳ ತಲೆ ಅಮ್ಮನ ಭುಜದ ಮೇಲಿತ್ತು, ಒಂದು ಕೈ ಜಾರಿ ಅವನ ಮೊಣಕಾಲಿನ ಮೇಲೆ ಬಿದ್ದಿತ್ತು, ಉತ್ತರಾಣಿಯ ಬೀಜಗಳ ನಡುವೆ. ಅವಳ ಕಣ್ಣು ಆ ಬೀಜಗಳ ಮೇಲಿತ್ತು. ನೋಡುತ್ತಿದೆಯೋ ಸುಮ್ಮನೆ ಅಲ್ಲಿ ನಿಂತಿದೆಯೋ ತಿಳಿಯುವಂತಿರಲಿಲ್ಲ. ಒಂದನ್ನಾದರೂ ಕೀಳುತ್ತಾಳೆ ಎಂದು ಅವನು ಉಸಿರು ಬಿಗಿಹಿಡಿದು ಕಾದ. ಒಂದು ತಿರುವು ಹೋಯಿತು, ಇನ್ನೊಂದು ಹೋಯಿತು. ತಾನು ಮತ್ತೆ ಕಾಯುತ್ತಿದ್ದೇನೆ, ಮತ್ತೆ ಬರಿದೆ ನೋಡುತ್ತಿದ್ದೇನೆ ಎಂದು ಅರಿವಾಯಿತು. "ಬೇಗ ಓಡಿಸಪ್ಪ" ಎಂದು ಭಾವಮೈದುನನಿಗೆ ಹೇಳಿ, ಪ್ಯಾಂಟಿನಿಂದ ಒಂದು ಬೀಜ ಕಿತ್ತು ಅವಳ ಅಂಗೈಯಲ್ಲಿಟ್ಟ. ಬೆರಳುಗಳು ಮುಚ್ಚಿಕೊಳ್ಳಲಿಲ್ಲ. ಅವನು ಒಂದೊಂದನ್ನೇ ಹಿಡಿದು ತಾನೇ ಮಡಿಸಿದ, ಬಿಚ್ಚಿಕೊಂಡಾಗ ಮತ್ತೆ ಮಡಿಸಿದ, ಆಮೇಲೆ ಆ ಮುಷ್ಟಿಯ ಮೇಲೆ ತನ್ನ ಕೈ ಮುಚ್ಚಿ ಹಿಡಿದುಕೊಂಡ, ಬಿಡಲಿಲ್ಲ.